ಉಡಿಗೆ ಬಿದ್ದ ದಿಂಬು

ಖಣ ಕಂಡರೆ ನನಗೆ ಬುದ್ಧಿ ನೆಟ್ಟಗಿರುವುದಿಲ್ಲ. ಬೆಳಕಿಗೆ ಹಿಡಿದರೆ ಹಸಿರು, ತುಸು ಹೊರಳಿಸಿದರೆ ಕೆಂಪು. ಮೈತುಂಬ ಪುಟ್ಟ ತೇರು, ತೊಟ್ಟಿಲು, ಸೂಜಿಮಲ್ಲಿಗೆ! ಒಂದು ಕುಪ್ಪಸದಷ್ಟು ಬಟ್ಟೆಯಲ್ಲಿ ಇಷ್ಟೆಲ್ಲ ನೇಯ್ದು ತುಂಬಿದ ಗುಳೇದಗುಡ್ಡದವರನ್ನು ನೆನೆದರೆ ಈಗಲೂ ಕುಣಿಯುವಂತಾಗುತ್ತದೆ.

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿದೇ ಕಳಿಸುವುದಿಲ್ಲ. ಸೆರಗಿನ ಉಡಿಗೆ ಅಕ್ಕಿ, ಕೊಬ್ಬರಿ, ಮೇಲೊಂದು ಖಣ ಹಾಕುತ್ತೇವೆ. ಪಡೆದವರು ಹೊಲಿಸಿಕೊಳ್ಳುತ್ತಾರೆಂದೇನಿಲ್ಲ, ಅದು ಇನ್ನೊಬ್ಬರ ಉಡಿ ಸೇರುತ್ತದೆ. ಹೀಗೆ ಜಮಖಂಡಿಯ ನಮ್ಮ ಮನೆಯ ಟ್ರಂಕಿನಲ್ಲಿ ಖಣದ ರಾಶಿಯೇ ಬಿದ್ದಿತ್ತು. ಆ ಚೆಲುವು ಕತ್ತಲಲ್ಲಿ ಕೊಳೆಯುವುದೇ? ತಂಗಿ ಸರೋಜಾಳನ್ನು ನೋಡಲು ರನ್ನ ಬೆಳಗಲಿ ಊರಿನವರು ಬರುವ ಹಿಂದಿನ ದಿನ ಅಷ್ಟನ್ನೂ ಕತ್ತರಿಸಿ, ಸೋಫಾಕ್ಕೂ ದಿಂಬುಗಳಿಗೂ ಗವಸು ಹೊಲಿದೆ. ಕಾಲೇಜಿನಲ್ಲಿ ಜೊತೆಗೆ ಓದಿದ ಆ ಹುಡುಗ ಸರೋಜಾಳಿಗೆ ಮೊದಲೇ ಮೆಚ್ಚುಗೆ. ಅವನ ತಾಯಿ ಒಪ್ಪಬೇಕಿತ್ತು, ಅಷ್ಟೇ.

ತಾಯಿ ಬಂದರು, ಸೋಫಾ ನೋಡಿದರು, ನಿಂತೇ ಬಿಟ್ಟರು.

"ಕುಂದರ್ರಿ," ಎಂದೆ.

"ಖಣದ ಮ್ಯಾಲ? ಉಡ್ಯಾಗ ಹಾಕೂದರ ಮ್ಯಾಲ ಹೆಂಗ ಕುಂದ್ರಲಿ ಯವ್ವಾ?"

ತಾಯಿ ನಿಂತರೆಂದು ಮಗನೂ ನಿಂತ. ಕೊನೆಗೆ ಚಾಪೆ ಹಾಸಿ ಎಲ್ಲರೂ ನೆಲಕ್ಕೆ ಕೂತೆವು. ಸೋಫಾ ಮಾತ್ರ ಮನೆಯ ಹಿರಿಯನಂತೆ ಮೇಲಿನಿಂದ ನಮ್ಮನ್ನು ನೋಡುತ್ತಿತ್ತು. ಮಾತು ಮುಂದೆ ಹೋಗಲಿಲ್ಲ. ಸರೋಜಾಳ ಮುಖ ಬಾಡಿತು. ನನಗೆ ನನ್ನ ಕತ್ತರಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಹೊರಡುವಾಗ ಇನ್ನೂ ದೊಡ್ಡ ಫಜೀತಿ. ತಾಯಿ ಉಡಿ ಒಡ್ಡಿದರು. ಅಕ್ಕಿ ಹಾಕಿದೆ, ಕೊಬ್ಬರಿ ಹಾಕಿದೆ. ಖಣ? ಒಂದಾದರೂ ಉಳಿಸಿದ್ದರೆ ತಾನೆ! ನಾನು ಬೆವೆತು ನಿಂತಿರಲು, ಸರೋಜಾ ಸೋಫಾದಿಂದ ಒಂದು ದಿಂಬು ಎತ್ತಿಕೊಂಡು, ಅದಕ್ಕೆ ಕುಂಕುಮ ಹಚ್ಚಿ, ಹತ್ತಿಸಮೇತ ಅವರ ಉಡಿಗೆ ಹಾಕಿಯೇ ಬಿಟ್ಟಳು.

"ಇದೂ ಖಣಾನ ಐತ್ರಿ, ಅತ್ತಿ. ಹೊಟ್ಟಿ ತುಂಬೇತಿ, ಅಷ್ಟ."

ಅತ್ತಿ! ಮದುವೆ ಒಪ್ಪುವ ಮೊದಲೇ! ಅವರು ಉಬ್ಬಿದ ತಮ್ಮ ಉಡಿಯನ್ನೊಮ್ಮೆ, ಸರೋಜಾಳನ್ನೊಮ್ಮೆ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದರು.

"ಲೇ, ನಡಿ ಬಸ್ಸಿಗಿ," ಎಂದರು ಮಗನಿಗೆ. "ದಿನ ತುಂಬಿದ ಬಸರಿ ಹಂಗ ಕಾಣಾಕತ್ತೇನಿ, ಖರೇನ ಸೀಟ ಸಿಗತೈತಿ. ಈ ಹುಡುಗಿ ನಮ್ಮ ಮನಿಗಿ ಬೇಕ ನೋಡು!"

ಮೊನ್ನೆ ಬೆಳಗಲಿಗೆ, ಸರೋಜಾಳ ಗಂಡನ ಮನೆಗೆ ಹೋಗಿದ್ದೆ. ಪಡಸಾಲೆಯ ಒಂದು ಕುರ್ಚಿ ಆ ದಿಂಬಿಗೇ ಮೀಸಲು. ಬಿಸಿಲಲ್ಲಿ ಬಂದು ದಣಿದಿದ್ದೆ. ನಾನೇ ಹೊಲಿದದ್ದಲ್ಲವೇ ಎಂದು ಅದಕ್ಕೆ ಒರಗಿ ಕೂತೆ. ಅವಳ ಅತ್ತೆ, ಪಾಪ, ನೀರು ತಂದುಕೊಟ್ಟರು. ಒಳಗಿನಿಂದ ಓಡಿ ಬಂದವಳು ಸರೋಜಾ.

"ಏಳ ಅಕ್ಕಾ! ಖಣಕ್ಕ ಒರಗತಾರೇನ ಯಾರರೆ?"