ಸೀಸೆಯ ಮೇಲಿನ ಊರು

ಮೊಮ್ಮಗಳ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಗಾಜಿನ ಸೀಸೆಯೊಳಗೊಂದು ಕಪ್ಪೆ ಇತ್ತು. ಮುಚ್ಚಳದ ಸಂದಿಯಿಂದ ಫಾರ್ಮಲಿನ್ ವಾಸನೆ ಬರುತ್ತಿತ್ತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ನನ್ನ ಮೊದಲ ನೌಕರಿ ನೆನಪಾಯಿತು.

ಐವತ್ತರ ದಶಕ. ಕೆ.ಆರ್. ನಗರ ಸೀಮೆಯ ನಮ್ಮ ಮನೆತನಕ್ಕೆ ನಾನೇ ಮೊದಲ ಬಿ.ಎಸ್ಸಿ. ಹೊಲ ಗೇಯುತ್ತಲೇ ಓದಿದವನು. ಆ ಹೆಮ್ಮೆ ಇನ್ನೂ ಇಳಿದಿಲ್ಲ, ಇಳಿಸುವ ಇರಾದೆಯೂ ಇಲ್ಲ. ಕೆಲಸ ಸಿಕ್ಕಿದ್ದು ಒಂದು ವೈದ್ಯಕೀಯ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆ, ಕರುಳುಗಳನ್ನು ಸೀಸೆಗಳಲ್ಲಿ ಕಾಪಾಡುವುದು, ದ್ರವ ಬದಲಿಸುವುದು, ಚೀಟಿ ಅಂಟಿಸುವುದು. ಅವ್ವ ಊರಿನಲ್ಲಿ ಮಗ ಡಾಕ್ಟರೆಂದೇ ಹೇಳಿಕೊಂಡು ತಿರುಗುತ್ತಿದ್ದಳು. ನಾನೂ ತಿದ್ದಲಿಲ್ಲ ಅನ್ನಿ.

ಒಂದು ದಿನ ಮಿರ್ಲೆಯ ಹೆಂಗಸೊಬ್ಬರು, ಗೌರಮ್ಮ ಎನ್ನೋಣ, ಹುಡುಕಿಕೊಂಡು ಬಂದರು. ಹಿಂದಿನ ವರ್ಷ ಅವರ ಗರ್ಭಕೋಶದಿಂದ ತೆಗೆದ ಗೆಡ್ಡೆ ನಮ್ಮಲ್ಲಿತ್ತು. ಸೀಸೆಯ ಮೇಲೆ ಹೆಸರು, ಊರು, ವಯಸ್ಸು ಎಲ್ಲ ಇದ್ದವು. ಇಟ್ಟುಕೊಳ್ಳಬಹುದೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಆಗ ಕೇಳುವ ಪದ್ಧತಿಯೇ ಇರಲಿಲ್ಲ. ವಾರ್ಡಿನ ಆಯಾಳ ಬಾಯಿಂದ ಅವರಿಗೆ ಸೀಸೆಯ ವಿಷಯ ತಿಳಿದಿತ್ತು. ಮಗಳಿಗೆ ಭೇರ್ಯದಲ್ಲಿ ಸಂಬಂಧ ಕುದುರಿತ್ತು. ವರನ ಅಣ್ಣ ಇದೇ ಕಾಲೇಜಿನಲ್ಲಿ ಓದುತ್ತಿದ್ದ. ಚೀಟಿ ಓದಿ, ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆಂದು ಸಂಬಂಧ ಮುರಿದರೆ?

“ಗೆಡ್ಡೆ ಇಟ್ಕಳಿ, ಓದೋ ಐಕ್ಳು ಕಲ್ತ್ಕಳ್ಳಿ. ನನ್ನೆಸ್ರು ಮಾತ್ರ ತಗುದ್ಬುಡ್ರಪ್ಪ,” ಅಂದರು.

ನಮ್ಮ ಪ್ರೊಫೆಸರರು ಒಳ್ಳೆಯವರು. ಕೂಡಲೇ ಹೆಸರು ಹೊಡೆದುಹಾಕಿಸಿದರು. ಊರು ಇರಲಿ, ಯಾವ ಕಾಯಿಲೆ ಯಾವ ಕಡೆ ಹೆಚ್ಚೆಂದು ತಿಳಿಯಲು ಬೇಕು ಎಂದರು. ನನಗೂ ಸರಿಯೆನಿಸಿತು. ಗೌರಮ್ಮ ಕದಲಲಿಲ್ಲ.

“ಮಿರ್ಲೇಲಿ ಒಟ್ಟೆ ಕುಯ್ಸ್ಕಂಡೋಳು ನಾನೊಬ್ಳೇ ಕಣಪ್ಪ. ಊರು ಬರುದ್ರೆ ನನ್ನೆಸ್ರೇ ಬರ್ದಂಗಲ್ವಾ?”

ಆ ಬೇಸಿಗೆಯೆಲ್ಲ ನಾನು ಚೀಟಿ ನೆನೆಸಿ ಕಿತ್ತದ್ದೇ ಕಿತ್ತದ್ದು. ಎಲ್ಲ ಸೀಸೆಗಳ ಮೇಲೂ ಬರೀ ನಂಬರು. ಹೆಸರು, ಊರು ಪ್ರೊಫೆಸರರ ಬೀರುವಿನಲ್ಲಿ, ಬೀಗದೊಳಗೆ. ವರನ ಅಣ್ಣ ಆ ಗೆಡ್ಡೆಯ ಮುಂದೆಯೇ ನಿಂತು, ಅದರ ಲಕ್ಷಣಗಳನ್ನೆಲ್ಲ ಒಪ್ಪಿಸಿ ಪರೀಕ್ಷೆ ಪಾಸು ಮಾಡಿದ. ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತು, ಹೆಣ್ಣಿನ ಕಡೆಯವರು ನಿಮಗೆ ಹೇಗೆ ಪರಿಚಯ ಎಂದು ವಿಚಾರಿಸಿದ. ನಮ್ಮ ಸೀಮೆಯವರು ಎಂದು ಹೇಳಿ, ಪಾಯಸಕ್ಕೆ ಎಲೆ ಸರಿಮಾಡಿಕೊಂಡೆ.

ಇದನ್ನು ಬರೆಯುವಾಗ ಮೊದಲು ಅವರ ನಿಜವಾದ ಊರನ್ನೇ ಬರೆದಿದ್ದೆ. ಇಷ್ಟು ವರ್ಷವಾಯಿತಲ್ಲ, ಇನ್ನು ಯಾರಿಗೇನು ಅನ್ನಿಸಿತ್ತು. ಓದಿ ನೋಡಿ ಹೊಡೆದುಹಾಕಿದೆ. ಮಿರ್ಲೆಯವರು ಯಾರೂ ಗೌರಮ್ಮನನ್ನು ಹುಡುಕಲು ಹೋಗಬೇಡಿ, ಅವರು ನಿಮ್ಮೂರಿನವರಲ್ಲ.