ಶನಿವಾರ ಕ್ಯಾಮೆರಾ ಇಲ್ಲ

ಟೆಕ್ಸಸ್‌ನ ಫ್ರಿಸ್ಕೋದ ಕನ್ನಡದವರ ಮನೆಗಳಲ್ಲಿ ನಾಮಕರಣವಿರಲಿ, ಗೃಹಪ್ರವೇಶವಿರಲಿ, ಫೋಟೋ ತೆಗೆಯುವವರು ನಮ್ಮ ಸೋದರಮಾವ. ವಾರವಿಡೀ ಸಾಫ್ಟ್‌ವೇರ್, ವಾರಾಂತ್ಯಕ್ಕೆ ಕ್ಯಾಮೆರಾ. ಕಾಲೇಜು ರಜೆಯಲ್ಲಿ ಅವರಿಗೆ ಲೈಟು ಹಿಡಿಯುವವನು ನಾನು. ಕಳೆದ ವರ್ಷ ಮಾವನ ಆಫೀಸಿನ ಯಹೂದಿ ಗೆಳತಿಯೊಬ್ಬರು ಮಗಳ ಬ್ಯಾಟ್ ಮಿಟ್ಜ್ವಾಕ್ಕೆ ಅವರನ್ನು ಕರೆದರು. ಹದಿಮೂರಕ್ಕೆ ಕಾಲಿಟ್ಟ ಹುಡುಗಿ ತಮ್ಮ ಪ್ರಾರ್ಥನಾ ಮಂದಿರದಲ್ಲಿ, ಎಲ್ಲರೆದುರು, ಧರ್ಮಗ್ರಂಥದ ಸುರುಳಿಯಿಂದ ಓದಿ, ದೊಡ್ಡವರ ಸಾಲಿಗೆ ಸೇರುವ ದಿನ ಅದು.

ಯಾವ ಫೋಟೋ ಯಾವಾಗ ಎಂದು ಗೊತ್ತುಮಾಡಲು ಫ್ಲವರ್ ಮೌಂಡ್‌ನ ಅವರ ಮನೆಗೆ ಹೋದೆವು. ಓದು ಶನಿವಾರ; ಅದು ಅವರಿಗೆ ವಿಶ್ರಾಂತಿಯ ಪವಿತ್ರ ದಿನ. ಓದು ನಡೆಯುವಾಗ ಕ್ಯಾಮೆರಾ ಕೂಡದು. ಹಾಗಾಗಿ ಗುರುವಾರ ಸಂಜೆ ಖಾಲಿ ಮಂದಿರದಲ್ಲಿ ಚಿತ್ರಗಳು, ಭಾನುವಾರ ಪಾರ್ಟಿ. ಶನಿವಾರ ಯಾರೂ ತೆಗೆಯುವುದಿಲ್ಲ ತಾನೇ ಎಂದು ಹುಡುಗಿ ಮಾವನನ್ನೇ ನೋಡಿ ಕೇಳಿದಳು. ಮಾವ ಎದೆ ಮುಟ್ಟಿಕೊಂಡು ಮಾತು ಕೊಟ್ಟರು.

ಕಾರು ಅವರ ಬೀದಿ ದಾಟಿರಲಿಲ್ಲ, ಮಾವ ಶುರು ಮಾಡಿದರು.

"ಶನಿವಾರ ನೀನು ಕೊನೇ ಸಾಲಲ್ಲಿ ಕೂತ್ಕೋ. ಫೋನು ಶರ್ಟ್ ಜೇಬಲ್ಲಿ, ಲೆನ್ಸ್ ಹೊರಗೆ. ರೆಕಾರ್ಡ್ ಆಗ್ತಾ ಇರ್ಲಿ."

"ಈಗ ತಾನೇ ಮಾತು ಕೊಟ್ರಲ್ಲ ಮಾವ."

"ದೇವರೇ ಇಲ್ಲ ಅಂತ ಯುಗಾದಿ ದಿನ ಅಜ್ಜಿ ಹತ್ರ ವಾದ ಮಾಡ್ದೋನು ನೀನು. ಈಗ ಇದ್ಯಾವ ಮಡಿ ನಿಂದು?"

"ಮಾತು ಕೊಟ್ಟಿದ್ದು ದೇವರಿಗಲ್ಲ. ಆ ಹುಡುಗೀಗೆ."

"ಡಿಬೇಟಲ್ಲಿ ಗೆದ್ದಿದೀಯ ಅಂತ ನನ್ನ ಮೇಲೆ ಪ್ರಾಕ್ಟೀಸ್ ಮಾಡ್ಬೇಡ ಕಣೋ."

ನನ್ನ ಉಪನಯನದ ಫೋಟೋ ತೆಗೆದವರೂ ಇವರೇ. ರೇಷ್ಮೆ ವಸ್ತ್ರದ ಮರೆಯಲ್ಲಿ ಅಪ್ಪ ಮಗನ ಕಿವಿಗೆ ಮಾತ್ರ ಕೇಳುವಂತೆ ಮಂತ್ರ ಹೇಳಬೇಕು. ಮಾವ ವಸ್ತ್ರ ಎತ್ತಿ, ಕ್ಯಾಮೆರಾ ತೂರಿಸಿ, "ಭಾವ, ಇನ್ನೊಂದ್ಸಲ" ಎಂದರು. ಮೂರನೆಯ ಸಲ ಅಪ್ಪ ನನ್ನ ಕಿವಿಯಲ್ಲಿ ಹೇಳಿದ್ದು ಮಂತ್ರವಲ್ಲ: "ಸ್ವಲ್ಪ ತಡ್ಕೋ, ಮುಗಿಸ್ತಾನೆ." ಮಂತ್ರವನ್ನು ನಾನು ನಂಬುವುದಿಲ್ಲ. ಆದರೆ ಆ ಗಳಿಗೆ ನಮ್ಮಿಬ್ಬರದಾಗಿತ್ತು. ಇಂದಿಗೂ ಆ ಫೋಟೋ ಕಂಡರೆ ಮೈ ಉರಿಯುತ್ತದೆ. ಇದನ್ನೇ ಹೇಳಿದೆ.

"ಅದಾ? ಎಷ್ಟು ಚೆನ್ನಾಗಿ ಬಂದಿದೆ," ಎಂದರು ಮಾವ.

ಮನೆ ತಲುಪಿದ್ದೇ ಹುಡುಗಿಯ ತಾಯಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಜೇಬಿನ ಉಪಾಯವನ್ನೆಲ್ಲ ಹೇಳಿಬಿಟ್ಟೆ. ಮಾವ ತಡೆಯಲಿಲ್ಲ. ಏಕೆಂದು ಮರುಕ್ಷಣವೇ ತಿಳಿಯಿತು. ಅದನ್ನು ಕೇಳಿಕೊಂಡದ್ದು ತಾನೇ ಎಂದರು ಆಕೆ. ನಾನು ಕಾರಿನತ್ತ ಹೋಗಿದ್ದಾಗ, ಬಾಗಿಲ ಬಳಿ. ಒಂದೇ ಒಂದು ವಿಡಿಯೋ ತುಣುಕು ಸಾಕು, ಮಗಳಿಗೆ ಗೊತ್ತಾಗುವುದು ಬೇಡ ಎಂದಿದ್ದರಂತೆ.

ನನ್ನ ಸಿಟ್ಟು ಇಮ್ಮಡಿಯಾಯಿತು. ಮಗಳು ದೊಡ್ಡವರ ಸಾಲಿಗೆ ಸೇರಿದಳೆಂದು ಊರಿಗೆಲ್ಲ ಊಟ ಹಾಕುವವರು ಅವಳ ಒಂದು ಮಾತನ್ನು ಒಂದು ದಿನ ನಡೆಸಿಕೊಡಲಾರರೇ? ಹಾಗಾದರೆ ಅವಳನ್ನೇ ಕೇಳಿ, ಹೂಂ ಎಂದರೆ ನಾನೇ ತೆಗೆಯುತ್ತೇನೆ ಎಂದೆ.

ಅವಳನ್ನು ಕೇಳುವುದು ಬೇಡ ಎಂದರು ಆಕೆ. ಶನಿವಾರ ಏನೂ ತರಲೂಬೇಡಿ ಎಂದು ಫೋನಿಟ್ಟರು.

ಮಾವ ಫೋಟೋ ಪಟ್ಟಿಯಲ್ಲಿ ಶನಿವಾರದ ಸಾಲಿಗೆ ಗೀಟು ಎಳೆದರು. ಗುರುವಾರ ಲೈಟು ಹಿಡಿಯಲು ಬೇರೆ ಯಾರನ್ನಾದರೂ ಕರೆಯುತ್ತೇನೆ ಎಂದರು. ಕರೆಯಲಿ.