ಕರೆಂಟು ಬಂದಾಗಲೆಲ್ಲ ರೇಣುಕಾ

ನಂಬದವರು ನಂಬಬೇಡಿ, ಜಗಳಕ್ಕೆ ನನಗೆ ತ್ರಾಣವಿಲ್ಲ. ಇದು ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ, ಭತ್ತದ ಲಾರಿ ತೂಗುವ ವೇಬ್ರಿಡ್ಜ್ ಕೋಣೆಯಲ್ಲಿ, ನನ್ನ ಕಿವಿಯೇ ಕೇಳಿದ್ದು.

ಲಾರಿ ತೂಕದ ಹಲಗೆ ಹತ್ತಿದರೆ “ಗಾಡಿ ನಿಂದರಸ್ರಿ”, ತೂಕವಾದರೆ “ಆತು, ಇಳಸ್ರಿ” ಎಂದು ಹೊರಗಿನ ಸ್ಪೀಕರ್‌ನಲ್ಲಿ ಕೂಗುವ ಸಣ್ಣ ಪ್ರೋಗ್ರಾಂ ಬರೆದಿದ್ದೆ. ದನಿ ನನ್ನ ಹೆಂಡತಿ ರೇಣುಕಾಳದು. ಆ ಎರಡೇ ಮಾತು, ಮೂರನೆಯದಿರಲಿಲ್ಲ.

ಕರೆಂಟು ಹೋಗಿ ಬಂದಾಗಲೆಲ್ಲ ಲಾಗಿನ್ ಆಗಿ ಅದನ್ನು ತೆರೆಯಬೇಕಿತ್ತು. ಬೇಸತ್ತು ಒಂದು ದಿನ ಅದನ್ನು ಕಂಪ್ಯೂಟರಿನ ‘ಸರ್ವಿಸ್’ ಆಗಿ ಬದಲಿಸಲು ಕೂತೆ. ಹಾಗೆ ಮಾಡಿದರೆ ಕಂಪ್ಯೂಟರ್ ಶುರುವಾದೊಡನೆ, ಯಾರೂ ಪಾಸ್‌ವರ್ಡ್ ಹಾಕುವ ಮೊದಲೇ, ಹಿನ್ನೆಲೆಯಲ್ಲಿ ತಾನಾಗಿ ನಡೆಯುತ್ತದೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ. ಇರುತ್ತದೆ, ಅಷ್ಟೆ.

ಅದೇ ಹೊತ್ತಿಗೆ ರೇಣುಕಾ ಮಸ್ಕಿಗೆ, ತವರಿಗೆ ಹೊರಟು ಕೋಣೆಯ ಬಾಗಿಲಲ್ಲಿ ನಿಂತಳು.

“ರೀ... ಹೋಗಿ ಬರ್ತೀನಿ.”

ಹಿಂದೆ ಉಳಿಯುವವರು “ಹೋಗಿ ಬಾ” ಅನ್ನಬೇಕು. ನಮ್ಮ ಕಡೆ ಅದನ್ನು ಕೇಳದೆ ಯಾರೂ ಹೊಸ್ತಿಲು ದಾಟುವುದಿಲ್ಲ. ನಾನು ತಿರುಗಲೂ ಇಲ್ಲ.

“ಬಾ ಅನ್ರೀ...”

“ಏ, ಸುಮ್ನಿರಬೇ ನೀ! ಎರರ್ ಬರಾಕತ್ತೈತಿ ಇಲ್ಲಿ.”

ಸ್ವಲ್ಪ ಹೊತ್ತು ನಿಂತು ಹೋದಳು. ಕಾಲುವೆ ಸೇತುವೆಯ ಹತ್ತಿರ ಅವಳು ಕೂತಿದ್ದ ಟಂಟಂ ಆಟೊ ಪಲ್ಟಿಯಾಯಿತು. ನನ್ನ ರೇಣುಕಾ ಮತ್ತೆ ಬರಲಿಲ್ಲ.

ಆ ದನಿ ಕೇಳುತ್ತ ಲಾರಿ ತೂಗಲು ನನ್ನ ಕೈಲಾಗಲಿಲ್ಲ. ಸರ್ವಿಸ್ ತೆಗೆದೆ, ಪ್ರೋಗ್ರಾಂ ತೆಗೆದೆ, ದನಿಯ ಫೈಲುಗಳನ್ನೂ ಅಳುತ್ತಲೇ ಅಳಿಸಿದೆ.

ತಿಂಗಳಾದ ಮೇಲೆ ಒಂದು ಸಂಜೆ, ಕತ್ತಲಾಗುತ್ತಿದ್ದಂತೆ ಕರೆಂಟು ಹೋಗಿ ಬಂತು. ತೌಡಿನ ವಾಸನೆ... ಫ್ಯಾನಿನ ಗರಗರ... ಪರದೆ ಇನ್ನೂ ಪಾಸ್‌ವರ್ಡ್ ಕೇಳುತ್ತಿತ್ತು. ಸ್ಪೀಕರ್ ಒಮ್ಮೆ ಕರ್ ಎಂದಿತು.

“ರೀ... ಹೋಗಿ ಬರ್ತೀನಿ.”

ನನ್ನ ಭ್ರಮೆ ಅನ್ನೋಣವೆಂದರೆ, ತೂಕಕ್ಕೆ ಬಂದು ನಿಂತಿದ್ದ ಲಾರಿಯೊಳಗಿಂದ ಡ್ರೈವರ್ ಖಾಜಾಸಾಬ್ ಕೂಗಿದ. ಮುದಗಲ್ಲಿನವನು. ನಮ್ಮಲ್ಲಿಗೆ ಬಂದದ್ದು ಅದೇ ಮೊದಲು, ಅವನಿಗೇನೂ ಗೊತ್ತಿಲ್ಲ.

“ಅರೆ ಅಣ್ಣಾ, ಮನಿಯವ್ರು ಹೊಂಟಾರಲ್ರೀ! ಬಾ ಅನ್ರಿ. ಪಾಪ, ಎಷ್ಟೊತ್ತು ಬಾಗಿಲದಾಗ ನಿಂದರಬೇಕು?”

ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಈಗಲೂ ಕರೆಂಟು ಬಂದಾಗಲೆಲ್ಲ ಅವಳ ದನಿ ಕೇಳುತ್ತದೆ. ಸರ್ವಿಸ್‌ಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಎಷ್ಟು ಸಲ ಹುಡುಕಿದೆನೋ, ಅದರ ಹೆಸರಿಲ್ಲ. “ಹೋಗಿ ಬಾ” ಅಂದುಬಿಟ್ಟರೆ ಹೋಗಿಯೇಬಿಡುತ್ತಾಳೆ ಎಂದು ತುಟಿ ಕಚ್ಚಿ ಕೂರುತ್ತೇನೆ.

ಮೊನ್ನೆ ಇನ್ನೊಂದು ಮಾತು ಸೇರಿಸಿದಳು.

“ಹೊತ್ತಾತ್ರೀ... ಅನ್ರೀ.”

ನಾನಿನ್ನೂ ಅಂದಿಲ್ಲ.